ನಮ್ಮ ಸಂಘದ ಚಾಪೆ ಮೇಲೆ ಕೂತು ತಪ್ಪು ಒಪ್ಪಿಕೊಂಡ ಸಂಬಳದ ಸರ್

ಅರ್ಜಿಯಲ್ಲಿ ನಾನು ಎರಡು ವಿಷಯ ಬರೆದಿದ್ದೆ. ಕಂಪನಿಯಲ್ಲಿ ಸಂಬಳದ ಕೆಲಸ ನೋಡುವ ಪ್ರಸನ್ನ ಸರ್ ಮೊದಲನೆಯದನ್ನು ಓದಿ ತಲೆ ಆಡಿಸಿದರು. ಎರಡನೆಯದನ್ನು ಓದಿ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು.

ಕೆಲಸದಿಂದ ತೆಗೆದುಬಿಟ್ಟರೆ?

ಮೊದಲಿಂದ ಹೇಳುತ್ತೇನೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು, ಬರೆದಿದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಅಕ್ಕಿಹೆಬ್ಬಾಳು ಪಕ್ಕದ ಊರು. ನಾಲ್ಕು ವರ್ಷದಿಂದ ಪಾಂಡವಪುರದ ಆಚೆ ಒಂದು ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತೇನೆ.

ನಮ್ಮ ಬ್ಯಾಂಕು ಇನ್ನೊಂದು ಬ್ಯಾಂಕಿನ ಜೊತೆ ಸೇರಿಕೊಂಡಾಗ ನನ್ನ ಅಕೌಂಟ್ ನಂಬರ್ ಬದಲಾಯಿತು. ಹೊಸ ಪಾಸ್‌ಬುಕ್ಕಿನ ಜೆರಾಕ್ಸ್ ಆಫೀಸಿಗೆ ಕೊಟ್ಟೆ. ಕೊಟ್ಟ ಮೇಲೂ ಎರಡು ಸಲ ಹೋಗಿ ಕೇಳಿದೆ. ಬಸ್ ಹತ್ತಿದ ಮೇಲೆ ಗ್ಯಾಸ್ ಆಫ್ ಆಗಿದೆಯಾ ಅಂತ ಮನೆಗೆ ಫೋನ್ ಮಾಡುವ ಜಾತಿಯವಳು ನಾನು, ಸುಮ್ಮನೆ ಇರಲು ಆಗುವುದಿಲ್ಲ.

ಆದರೂ ಎರಡು ತಿಂಗಳು ಸಂಬಳ ಬರಲಿಲ್ಲ. ಹಳೇ ನಂಬರಿಗೇ ಹಾಕುತ್ತಿದ್ದರು, ಅದು ಅವರಿಗೇ ವಾಪಸ್ ಹೋಗುತ್ತಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ... ಸಿಸ್ಟಮ್‌ನಲ್ಲಿದೆ, ಬರುತ್ತೆ.

ಕಿವಿಯ ವಾಲೆ ಗಿರವಿ ಇಟ್ಟು ಮನೆ ಖರ್ಚು, ಮಗಳ ಸ್ಕೂಲ್ ಫೀಸು ನೋಡಿಕೊಂಡೆ. ಆದರೆ ಮಹಿಳಾ ಸಂಘದ ಕಂತು ಕಟ್ಟಲು ಆಗಲಿಲ್ಲ.

ಕಷ್ಟ ಆಗಿದ್ದು ಇಲ್ಲಿ. ಸಂಘದಲ್ಲಿ ನಾವು ಹನ್ನೆರಡು ಜನ, ಸರದಿ ಪ್ರಕಾರ ಒಬ್ಬೊಬ್ಬರಿಗೆ ದೊಡ್ಡ ಸಾಲ ಸಿಗುತ್ತದೆ. ಈ ಸಲ ನನ್ನ ಸರದಿ. ಹಸು ತರಬೇಕು ಅಂತ ಎಷ್ಟು ದಿನದಿಂದ ಕಾದಿದ್ದೆ.

ಎರಡು ಕಂತು ತಪ್ಪಿಸಿದವರು ಕಂತಿಗೆ ಇಪ್ಪತ್ತು ರೂಪಾಯಿ ದಂಡ ಕಟ್ಟಿ ಪಟ್ಟಿಯ ಕೊನೆಗೆ ಹೋಗಬೇಕು, ಅದು ನಾವೇ ಮಾಡಿಕೊಂಡ ರೂಲ್ಸು. ಕೊನೆ ಅಂದರೆ ಇನ್ನು ವರ್ಷಗಟ್ಟಲೆ ಕಾಯಬೇಕು.

ಸಂಬಳ ಬಂದಿಲ್ಲ ಅಂದರೆ ಯಾರೂ ನಂಬಲಿಲ್ಲ. ನಮ್ಮೂರಿನಿಂದಲೇ ಅದೇ ಕಂಪನಿಗೆ ಹೋಗುವ ಇನ್ನಿಬ್ಬರಿಗೆ ಸರಿಯಾಗಿ ಬಂದಿತ್ತು, ಅವರ ಬ್ಯಾಂಕ್ ಬೇರೆ.

ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ ಎಲ್ಲರ ಮುಂದೆಯೇ ಕೇಳಿದರು. "ಅಲ್ಲ ಕಣಮ್ಮಿ, ಅವ್ರಿಗೆಲ್ಲ ಬಂದದ್ದು ನಿಂಗೊಬ್ಳಿಗೆ ಬರ್ನಿಲ್ವಾ? ಕಂಪ್ನಿಯೋರ್ಗೆ ನಿನ್ ಕಂಡ್ರೆ ಆಗಕಿಲ್ವಾ?"

ಎಲ್ಲರೂ ನಕ್ಕರು. ನನಗೆ ಎರಡು ದಿನ ಊಟ ಸೇರಲಿಲ್ಲ.

ಮೂರನೇ ತಿಂಗಳು ಬಾಕಿಯೆಲ್ಲ ಒಟ್ಟಿಗೆ ಬಂತು. ನಮ್ಮ ಯಜಮಾನರು "ಬಂತಲ್ಲ, ಬುಡು ಅತ್ಲಾಗೆ" ಅಂದರು. ಹೇಗೆ ಬಿಡುವುದು? ಸಂಬಳ ಬಂತು, ನನ್ನ ಸರದಿ ಬರಲಿಲ್ಲವಲ್ಲ.

ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಅರ್ಜಿ ಬರೆದೆ. ಒಂದು, ವಾಲೆಯ ಗಿರವಿ ಬಡ್ಡಿಯನ್ನು ಕಂಪನಿ ಕೊಡಬೇಕು. ಎರಡು, ತಪ್ಪು ನನ್ನದಲ್ಲ ಕಂಪನಿಯದು ಅಂತ ನಮ್ಮ ಸಂಘಕ್ಕೆ ಸೀಲ್ ಹಾಕಿ ಒಂದು ಪತ್ರ ಕೊಡಬೇಕು.

ಪ್ರಸನ್ನ ಸರ್ ಅದನ್ನು ಹಿಡಿದುಕೊಂಡು ಮ್ಯಾನೇಜರ್ ರೂಮಿಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನಗೆ ವಿಷಯ ಹೇಳಿದರು.

ಗಿರವಿ ರಸೀದಿ ತಂದುಕೊಟ್ಟರೆ ಬಡ್ಡಿ ಕೊಡುತ್ತಾರಂತೆ. ಆದರೆ ಪತ್ರ ಮಾತ್ರ ಆಗುವುದಿಲ್ಲ, ಕಂಪನಿ ತಪ್ಪು ಅಂತ ಬರೆದುಕೊಡಲು ಮ್ಯಾನೇಜರ್ ಒಪ್ಪಲಿಲ್ಲ.

ಬಡ್ಡಿ ಬೇಡ ಸಾರ್, ಪತ್ರ ಕೊಡಿ ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅವರು ಕೇಳಿದರು, "ನಿಮ್ಮ ಸಂಘದ ಮೀಟಿಂಗ್ ಯಾವತ್ತು ಭಾಗ್ಯ ಅವ್ರೇ?"

ಭಾನುವಾರ ಬೆಳಗ್ಗೆ, ಬೆಳಗೊಳದ ತಮ್ಮ ಮನೆಯಿಂದ ಬೈಕಿನಲ್ಲಿ ನಮ್ಮೂರಿಗೇ ಬಂದುಬಿಟ್ಟರು!

ಪುಟ್ಟತಾಯಮ್ಮನ ಜಗಲಿಯಲ್ಲಿ ಕುರ್ಚಿ ಹಾಕಿದರೆ ಬೇಡ ಅಂದು ನಮ್ಮ ಜೊತೆ ಚಾಪೆ ಮೇಲೆ ಕೂತರು. ನನಗೆ ಆಗಲೂ ಭಯ... ಇಲ್ಲಿ ಬಂದು ತಪ್ಪು ನನ್ನದೇ ಅಂದುಬಿಟ್ಟರೆ ಏನು ಗತಿ?

ಸರ್ ಹೇಳಿದರು, "ಇವ್ರು ಜೆರಾಕ್ಸ್ ಸರಿಯಾದ ಟೈಮಿಗೆ ಕೊಟ್ಟಿದ್ರು. ನನ್ನ ಫೈಲಲ್ಲೇ ಇತ್ತು. ಕಂಪ್ಯೂಟರಿಗೆ ಹಾಕೋದು ನಾನು ಮರೆತೆ. ತಪ್ಪು ನಂದು."

ಪುಟ್ಟತಾಯಮ್ಮ ಬಿಡುತ್ತಾರಾ? "ಅಲ್ಲ ಸಾ, ನಿಮ್ ಸಂಬ್ಳ ಎರಡ್ ತಿಂಗ್ಳು ನಿಂತೋಗಿದ್ರೆ ಇಂಗೇ ಮರ್ತೋಗಿರೋರಾ?"

"ಇಲ್ಲ ಅಮ್ಮ."

"ಅಂಗಾದ್ರೆ ಇವ್ಳ ಕಂತಿನ್ ದಂಡ ನೀವೇ ಕಟ್ಬುಡಿ!"

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಾಳೆ ಬೆಳಗಾದರೆ ಇವರ ಮುಂದೆಯೇ ಹಾಜರಿ ಹಾಕಬೇಕಲ್ಲ! ಪ್ರಸನ್ನ ಸರ್ ಜೇಬಿನಿಂದ ನಲವತ್ತು ರೂಪಾಯಿ ತೆಗೆದು ಚಾಪೆ ಮೇಲಿಟ್ಟರು.

ಎದ್ದು ಹೊರಟರೆ ಪುಟ್ಟತಾಯಮ್ಮ ಅಡ್ಡ ನಿಂತರು. "ಉಣ್ದೆ ಓದ್ರೆ ಇನ್ನೊಂದ್ ದಂಡ ಆಕ್ತೀವಿ ನೋಡಿ." ಸರ್ ಉಪ್ಸಾರಿನಲ್ಲಿ ಎರಡು ಮುದ್ದೆ ನುಂಗಿ, ಕೈ ಮುಗಿದು ಹೋದರು.

ಅವರು ಹೋದ ಮೇಲೆ ಪುಟ್ಟತಾಯಮ್ಮ ಪಟ್ಟಿ ತೆಗೆಸಿ ನನ್ನ ಹೆಸರನ್ನು ಮತ್ತೆ ಮೇಲಕ್ಕೆ ಬರೆಸಿದರು. ಆಮೇಲೆ ನಾನು ಅಂದುಕೊಂಡೇ ಇರದ ಮಾತು ಆಡಿದರು. "ನಿನ್ ಮಾತ್ನ ನಂಬ್ನಿಲ್ಲ ಕಣವ್ವ, ನಮ್ದೂ ತಪ್ಪಾಯ್ತು."

ಅದನ್ನೂ ಎಲ್ಲರ ಮುಂದೆಯೇ ಹೇಳಿದರು.

ಈ ತಿಂಗಳ ಸಂಬಳದ ಜೊತೆ ಬಡ್ಡಿಯೂ ಬಂತು, ವಾಲೆ ಬಿಡಿಸಿಕೊಂಡೆ. ನಮ್ಮ ಕಡೆ ಬಂದಿದ್ದಕ್ಕೆ ಮ್ಯಾನೇಜರ್ ಪ್ರಸನ್ನ ಸರ್‌ಗೆ ಏನಾದರೂ ಅಂದರಾ ಅಂತ ದಿನಾ ಬೆಳಗ್ಗೆ ಅವರ ಸೀಟ್ ಕಡೆ ಇಣುಕುತ್ತೇನೆ. ಇದ್ದಾರೆ. ನಗುತ್ತಾರೆ.

ಸಾಲವೂ ಪಾಸಾಗಿದೆ. ದೇವಲಾಪುರದ ಹತ್ತಿರ ನಮ್ಮತ್ತೆಯ ನೆಂಟರ ಮನೆಯಲ್ಲಿ ಎರಡನೇ ಸೂಲಿನ, ಅಂದರೆ ಎರಡನೇ ಕರು ಹಾಕಿದ ಹಸು ಇದೆಯಂತೆ, ಬರುವ ಭಾನುವಾರ ನೋಡಲು ಹೋಗುತ್ತಿದ್ದೇವೆ.

ಹೊಸ ಮನೆಗೆ ಬಂದ ಹಸು ಮೊದಮೊದಲು ಸರಿಯಾಗಿ ಹಾಲು ಕೊಡುವುದಿಲ್ಲ ಅಂತಾರೆ... ನಿಜವಾ? ಗೊತ್ತಿದ್ದವರು ಸ್ವಲ್ಪ ಹೇಳಿ.