ಉಳಿದ ಕಥಿ ಫೋನಿನಾಗ

ನಮ್ಮ ಅತ್ತಿಯವರಿಗೆ ಪುಸ್ತಕದ ಹುಚ್ಚು. ನನಗ ಆ ಹುಚ್ಚಿನ ಮ್ಯಾಲೆ ಸಿಟ್ಟು. ಒಲಿ ಮ್ಯಾಲೆ ಹಾಲು ಉಕ್ಕಿದ್ರೂ ಅವರು ಪುಟದಿಂದ ಕಣ್ಣು ಕೀಳತಿರಲಿಲ್ಲ.

ನಾಗಪುರದಾಗ ಕನ್ನಡ ಪುಸ್ತಕ ಎಲ್ಲಿಂದ ಬರಬೇಕು? ಬಜಾಜ್ ನಗರದಾಗ ನಮ್ಮ ಕನ್ನಡದವರದೊಂದು ಖೋಲಿ, ಅದರಾಗ ಎರಡು ಕಪಾಟು. ಐತವಾರ ಮುಂಜಾನೆ ತಗೀತಾರ. ಪ್ರತಿ ಪುಸ್ತಕದ್ದೂ ಒಂದೊಂದೇ ಪ್ರತಿ. ಹಿಂಗಾಗಿ ಅಲ್ಲೊಂದು ರೂಢಿ: ಯಾರಿಗರೆ ಭಾಳ ಜರೂರಿ ಇದ್ರ, ಓದಾಕ ಹತ್ತಿದವರು ಅರ್ಧಕ್ಕ ಬಿಟ್ಟುಕೊಡಬೇಕು. ಇಸಗೊಂಡವರು ಓದಿ ಮುಗಿಸಿ, ಉಳಿದ ಕಥಿ ಬಿಟ್ಟುಕೊಟ್ಟವರಿಗೆ ಹೇಳಬೇಕು. ಕೇಳಿ ನಾನು ನಕ್ಕಿದ್ದೆ. ಇದೇನು ಲೈಬ್ರರಿಯೋ, ಹರಟಿ ಕಟ್ಟಿಯೋ!

ಹ್ವಾದ ವರ್ಷ ಅತ್ತಿಯವರ ಒಂದು ಕಣ್ಣು ಹೋತು. ಇನ್ನೊಂದಕ್ಕ ರಾಮದಾಸಪೇಠದ ದವಾಖಾನ್ಯಾಗ ಆಪರೇಷನ್ ಆಗೂದಿತ್ತು. "ಖಾತ್ರಿ ಕೊಡಾಕ ಆಗಂಗಿಲ್ಲ," ಅಂತ ಡಾಕ್ಟರ್ ಹೇಳಿಬಿಟ್ರು. ಅತ್ತಿಯವರು ಅಳಲಿಲ್ಲ. "ಲೈಬ್ರರಿಯಿಂದ ತಂದ ಕಾದಂಬರಿದು ಮೊದಲನೇ ಭಾಗ ಓದೀನಿ. ಎರಡನೇದು ತರಿಸವಾ, ಕಣ್ಣು ಇರೂದ್ರಾಗ ಮುಗಿಸ್ತೀನಿ," ಅಂದ್ರು. ನಾನು ಆವತ್ತೇ ಲೈಬ್ರರಿಯವರನ್ನ ವಿಚಾರಿಸಿದೆ.

ಆ ಭಾಗ ನಾಗಪುರದ ಹೊರಗ, ಖಾಪರಖೇಡಾದ ಒಬ್ಬಾಕಿ ಹತ್ರ ಇತ್ತು. ಆಕಿ ಗಂಡ ಅಲ್ಲಿ ಕರೆಂಟಿನ ಕಾರ್ಖಾನ್ಯಾಗ. ಫೋನ್ ಮಾಡಿದೆ. ಮರುದಿನಾನ ಬಸ್ ಹತ್ತಿ ಬಂದ್ಲು. "ಅರ್ಧಕ್ಕ ಬಿಟ್ಟೀನಿ ಅಜ್ಜಿ, ಕೊನಿ ಹೇಳೂದು ಮರೀಬ್ಯಾಡ್ರಿ," ಅಂದಾಕಿ, ಚಹಾನೂ ಕುಡೀದ ಹೋದ್ಲು.

ಅತ್ತಿಯವರು ಭೂತಗನ್ನಡಿ ಹಿಡಕೊಂಡು ಓದಿ ಮುಗಿಸಿದ್ರು. ಆಪರೇಷನ್ ಆತು, ಪಟ್ಟಿ ಬಿಚ್ಚಿದ್ರು. ಬೆಳಕಷ್ಟ ಕಾಣತಿತ್ತು, ಅಕ್ಷರ ಇಲ್ಲ.

ಮನಿಗೆ ಬಂದವರೇ, "ಖಾಪರಖೇಡಾಕ್ಕ ಫೋನ್ ಹಚ್ಚು. ಮಾತು ಕೊಟ್ಟೀನಿ," ಅಂದ್ರು. ಉಳಿದರ್ಧ ಕಥಿ ಒಂದು ಎಳಿ ಬಿಡದಂಗ ಹೇಳಿದ್ರು, ಒಬ್ಬೊಬ್ಬರಿಗೆ ಒಂದೊಂದು ದನಿ ತಗದು. ಆ ಕಡೆ ಆಕಿ ಬಿಕ್ಕಿ ಬಿಕ್ಕಿ ಅಳಾಕ ಹತ್ತಿದ್ಲು. ಅಬ್ಬಾ, ನಾನು ಒಲಿ ಮುಂದ ದಂಗಾಗಿ ನಿಂತೆ! ಇಷ್ಟು ವರ್ಷ ಈ ಮನಿಶ್ಯಾಳ ಒಳಗ ಏನೇನು ಇತ್ತು, ನನಗ ಗೊತ್ತ ಇರಲಿಲ್ಲ. ಹಾಲು ಉಕ್ಕಿ ಹರೀತು. ಹರೀಲಿ ಬಿಡು ಅಂದೆ.

ಕಥಿ ಮುಗದ ಮ್ಯಾಲೆ ಅತ್ತಿಯವರು ನನ್ನ ಕಡೆ ತಿರುಗಿ, "ಪುಸ್ತಕ ಕೊಟ್ಟು, ಲೈಬ್ರರಿಯಾಗಿನ ನನ್ನ ಹೆಸರು ತಗಸಿಬಿಡವಾ," ಅಂದ್ರು. ಫೋನ್ ಇನ್ನೂ ಚಾಲೂ ಇತ್ತು.

"ಹೆಸರು ಯಾಕ ತಗಸ್ತೀರಿ ಅಜ್ಜಿ?" ಅಂದ್ಲು ಆಕಿ. "ನಿಮ್ಮ ಹೆಸರಿನ ಮ್ಯಾಲಿನ ಪುಸ್ತಕ ನಾ ಒಯ್ದು ಓದತೀನಿ. ಇನ್ನ ಹೇಳೂ ಪಾಳಿ ನಂದು."

ಈಗ ಅತ್ತಿಯವರ ಹೆಸರಿನ ಪುಸ್ತಕ ಖಾಪರಖೇಡಾಕ್ಕ ಹೋಗತೈತಿ. ಮಧ್ಯಾಹ್ನ ಫೋನ್ ಬರತೈತಿ. ನಾನು ಒಲಿ ಆರಿಸಿ, ಅತ್ತಿಯವರ ಮಗ್ಗಲದಾಗ ಬಂದು ಕೂಡ್ತೀನಿ.