ಮೀನಿನ ಕ್ಯಾಸೆಟ್ಟೂ ನನ್ನ ಕಿವಿಯೂ

ಮೊನ್ನೆ ಭಾನುವಾರ ನಾನು ಹುರುಳಿಕಾಯಿ ಬಿಡಿಸುತ್ತ ಕೂತಿದ್ದಾಗ ಮಗಳು ಮೊಬೈಲಿನಿಂದ ಒಂದು ಪಟ್ಟಿ ಓದಿ ಹೇಳಿದಳು. ಸಿಗಬೇಕಾದ ಮರ್ಯಾದೆ ಸಿಗದೆ ಹೋದ ವಿಡಿಯೋ ಗೇಮುಗಳ ಪಟ್ಟಿಯಂತೆ. ಯಾರೋ ಪುಣ್ಯಾತ್ಮರು ಕೂತು ಒಂದೊಂದಕ್ಕೂ ಆದ ಅನ್ಯಾಯವನ್ನು ವಿವರವಾಗಿ ಬರೆದಿದ್ದರು. ಕಥೆ ಚೆನ್ನಾಗಿತ್ತು, ಚಿತ್ರ ಚೆನ್ನಾಗಿತ್ತು, ಸಂಗೀತವೂ ಚೆನ್ನಾಗಿತ್ತು, ಆದರೂ ಜನ ಕೈ ಹಿಡಿಯಲಿಲ್ಲ. ಮದುವೆಯಾಗದೆ ಉಳಿದ ಗಂಡುಗಳ ವಿಷಯದಲ್ಲಿ ನಮ್ಮ ನೆಂಟರು ಮಾತಾಡುವುದೂ ಇದೇ ಧಾಟಿಯಲ್ಲಿ. ಪಟ್ಟಿ ಮುಗಿಯುವ ತನಕ ಕಾದೆ. ನಮ್ಮ ಮೀನಿನ ಕ್ಯಾಸೆಟ್ಟಿನ ಹೆಸರು ಬರಲಿಲ್ಲ. ಬಂದಿದ್ದರೂ ಗುರುತು ಸಿಗುತ್ತಿರಲಿಲ್ಲವೆನ್ನಿ. ಅದರ ನಿಜವಾದ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮ, ನೀನೂ ಗೇಮ್ ಆಡ್ತಿದ್ಯಾ?" ಎಂದು ಮಗಳು ನಕ್ಕಳು.

"ಆಡಿದ್ದು ನಾನಲ್ಲ. ಆದರೆ ನನ್ನ ಕಿವಿ ಚುಚ್ಚಿದ್ದು ಅದರಿಂದ" ಎಂದೆ. ಅವಳು ಹೆಚ್ಚು ಕೇಳದೆ ಎದ್ದು ಹೋದಳು. ಈಗಿನ ಮಕ್ಕಳಿಗೆ ತಾಯಂದಿರ ಮಾತು ಅರ್ಧಕ್ಕೇ ಸಾಕು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ನಿಮಗೇ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಸೇಲಂನಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಅಪ್ಪನ ಫೈಲುಗಳಲ್ಲಿ ಇಂಗ್ಲಿಷು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಕಿರಾಣಿ ಅಂಗಡಿಯ ಬೋರ್ಡುಗಳನ್ನು ನೋಡಿಕೊಂಡು. ಹಾಗಾಗಿ ಬರವಣಿಗೆಯಲ್ಲಿ ಅಲ್ಲಲ್ಲಿ ಬೇಳೆಕಾಳಿನ ವಾಸನೆ ಬಂದರೆ ಕ್ಷಮಿಸಿ.

ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆಗೆ ಬಂದರೂ ಆ ಹುದ್ದೆಯಿಂದ ಇಳಿಯುತ್ತಿರಲಿಲ್ಲ. ಅಮ್ಮ ಸಾಂಬಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದರೆ "ಪರಿಶೀಲಿಸಿ ಹೇಳ್ತೀನಿ" ಎನ್ನುತ್ತಿದ್ದರು. ಇಂಥ ಮನುಷ್ಯ ನನ್ನ ಕಿವಿ ಚುಚ್ಚುವ ಶಾಸ್ತ್ರಕ್ಕೆ ದಿನ ಗೊತ್ತು ಮಾಡಿದರು. ಆಗ ನನಗೆ ಮೂರು ವರ್ಷ.

ನಮ್ಮ ಕಡೆ ಮಗುವಿನ ಕಿವಿ ಚುಚ್ಚಬೇಕಾದರೆ ಅದು ಸೋದರಮಾವನ ತೊಡೆಯ ಮೇಲೆ ಕೂರಬೇಕು. ದೇವರಿಲ್ಲದಿದ್ದರೂ ನಡೆದೀತು, ಮಾವನಿಲ್ಲದೆ ನಡೆಯುವುದಿಲ್ಲ. ಆ ಮಾವನನ್ನು ಕರೆಯುವುದಕ್ಕೂ ಒಂದು ಕ್ರಮವಿದೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಹಣ್ಣು ಇಟ್ಟುಕೊಂಡು ಅವರ ಬಾಗಿಲಿಗೇ ಹೋಗಬೇಕು. ನನ್ನ ಮಾವ, ಎಂದರೆ ಅಮ್ಮನ ತಮ್ಮ, ಮೇಟೂರಿನ ಕಡೆಯ ಕೊಳತ್ತೂರಿನ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ಅಲ್ಲಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಅಪ್ಪ ವಿಷಯವನ್ನು ಪರಿಶೀಲಿಸಿದರು. ಆಮೇಲೆ ಆಮಂತ್ರಣವನ್ನು ಟೈಪು ಮಾಡಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಸಹಿ ಮಾಡಿ ವಾಪಸು ಕಳಿಸುವ ಕಾರ್ಡನ್ನೂ ಲಗತ್ತಿಸಿ, ಕಳಿಸಿಬಿಟ್ಟರು.

ಸಹಿಯಾದ ಕಾರ್ಡು ವಾಪಸು ಬಂತು. ಮಾವ ಬರಲಿಲ್ಲ.

ಆ ದಿನ ಕಿವಿ ಚುಚ್ಚಲು ಬಂದ ಆಚಾರಿ ಸೂಜಿ ಹಿಡಿದು ಕಾದು ಕಾದು, ಊಟ ಮಾಡಿಕೊಂಡು ಹೋದನಂತೆ. "ನನ್ಗೇನ್ ಕೋರ್ಟ್ ನೋಟೀಸ್ ಕಳ್ಸವ್ರಾ? ನಾನೇನ್ ಕಳ್ತನ ಮಾಡಿವ್ನಾ?" ಎಂದು ಮಾವ ಊರಿನಲ್ಲಿ ಕೂಗಾಡಿದ್ದು ನೆಂಟರ ಬಾಯಿಂದ ಬಾಯಿಗೆ ಸೇಲಂಗೆ ಬಂತು. "ಸಹಿ ಹಾಕಿದಾನೆ, ರೆಕಾರ್ಡ್ ಐತೆ" ಎಂದು ಅಪ್ಪ ಹೇಳಿದ್ದು ಅದೇ ದಾರಿಯಲ್ಲಿ ಕೊಳತ್ತೂರಿಗೆ ಹೋಯಿತು. ಮುಂದೆ ಆರು ವರ್ಷ ಇಬ್ಬರಿಗೂ ಮಾತಿಲ್ಲ. ನನ್ನ ಎರಡು ಕಿವಿಗಳು ಮಾತ್ರ ಹುಟ್ಟಿದಾಗ ಇದ್ದಂತೆಯೇ ಇದ್ದವು.

ಒಂಬತ್ತು ವರ್ಷದ ಹುಡುಗಿಗೆ ಬೋಳು ಕಿವಿ ಎಂದರೆ ಏನೆಂದು ಗಂಡಸರಿಗೆ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಪಕ್ಕದ ಬೆಂಚಿನವಳು "ಉನಕ್ಕು ಮಾಮಾ ಇಲ್ಲೆಯಾಡೀ?" ಎಂದು ಕೇಳಿದ್ದಳು. ನಿನಗೆ ಮಾವನೇ ಇಲ್ಲವೇನೇ ಎಂದು. ಇದ್ದಾರೆ ಎಂದರೆ ಕಿವಿ ತೋರಿಸು ಎನ್ನುತ್ತಾಳೆ, ಇಲ್ಲ ಎಂದರೆ ಸುಳ್ಳು. ನಾನು ಎರಡು ಜಡೆಗಳನ್ನು ಕಿವಿಯ ಮೇಲೆ ಎಳೆದುಕೊಂಡು ಅತ್ತುಬಿಟ್ಟಿದ್ದೆ.

ಇನ್ನು ಕ್ಯಾಸೆಟ್ಟಿಗೆ ಬರುತ್ತೇನೆ. ತೊಂಬತ್ತರ ದಶಕದ ನಡುಭಾಗ ಅದು. ಅಣ್ಣ ಹಟ ಮಾಡಿ ಟಿ.ವಿ. ಗೇಮ್ ಕೊಡಿಸಿಕೊಂಡಿದ್ದ. ಹಳೆಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಒಂದು ಕ್ಯಾಸೆಟ್ ಕೊಟ್ಟರೆ ಇನ್ನೊಂದು ಬದಲಿಸಿ ಕೊಡುತ್ತಿದ್ದರು. ಒಂದು ದಿನ ಅಂಗಡಿಯವನು ಎಷ್ಟೋ ಕಾಲದಿಂದ ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಒಂದನ್ನು ಒರೆಸಿ, "ಇದು ರೊಂಬ ನಲ್ಲಾ ಇರುಕ್ಕುಂ ತಂಬಿ, ಆನಾ ತಿರುಂಬ ವಾಂಗ ಮಾಟ್ಟೇನ್" ಎಂದು ಕೊಟ್ಟನಂತೆ. ತುಂಬ ಚೆನ್ನಾಗಿದೆ, ಆದರೆ ವಾಪಸು ತೆಗೆದುಕೊಳ್ಳುವುದಿಲ್ಲ. ಅಣ್ಣನಿಗೆ ಮೊದಲರ್ಧ ಮಾತ್ರ ಕೇಳಿಸಿತ್ತು.

ಅದರ ಮೇಲೆ ಒಂದು ದೋಣಿಯ ಚಿತ್ರ, ಅದರಲ್ಲಿ ಇಬ್ಬರು, ಕೆಳಗೆ ನಮಗೆ ಓದಲು ಬರದ ಯಾವುದೋ ದೇಶದ ಅಕ್ಷರ. ಹಾಕಿ ನೋಡಿದರೆ ಪರದೆ ತುಂಬ ನೀರು. ಒಂದು ಜಾಯ್‌ಸ್ಟಿಕ್ಕಿನವನು ದೋಣಿ ಬಿಡಬೇಕು, ಇನ್ನೊಂದರವನು ಗಾಳ ಹಾಕಬೇಕು. ಆಮೇಲೆ ಕಾಯಬೇಕು. ಗುಂಡು ಇಲ್ಲ, ಬಾಂಬು ಇಲ್ಲ, ಸಾಯುವ ಸೌಲಭ್ಯವೂ ಇಲ್ಲ. ಒಬ್ಬನೇ ಆಡುವಂತಿಲ್ಲ, ಇಬ್ಬರು ಆಡಿದರೆ ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಇನ್ನೊಬ್ಬನನ್ನು ಸೋಲಿಸಲಾಗದ ಆಟ ಯಾರಿಗೆ ಬೇಕು? ಬೀದಿಯ ಹುಡುಗರೆಲ್ಲ ಬಂದು ಒಂದೊಂದು ಸಲ ಆಡಿ, ಒಕ್ಕೊರಲಿನಿಂದ "ಬೋರು" ಎಂದು ತೀರ್ಪು ಕೊಟ್ಟು ಹೋದರು. ಕ್ಯಾಸೆಟ್ಟು ಟಿ.ವಿ. ಸ್ಟ್ಯಾಂಡಿನ ಒಂದು ಕಾಲು ಗಿಡ್ಡವಿದ್ದುದಕ್ಕೆ ಅಡಿಯಲ್ಲಿ ಒತ್ತು ಕೊಡುವ ಕೆಲಸಕ್ಕೆ ಸೇರಿತು.

ಆ ವರ್ಷದ ಅರ್ಧವಾರ್ಷಿಕ ರಜೆಯಲ್ಲಿ ಮಾವನ ಬಾವಿಯ ಮೋಟಾರು ಸುಟ್ಟುಹೋಯಿತು. ಕಾಯಿಲ್ ಸುತ್ತಿಸಲು ಅದನ್ನು ಸೇಲಂಗೇ ತರಬೇಕು. ವರ್ಕ್‌ಶಾಪಿನವನು ನಾಲ್ಕು ದಿನವಾಗುತ್ತದೆ ಎಂದ. ಮಾವ ನಮ್ಮ ಮನೆ ಬಾಗಿಲಲ್ಲಿ ಬಂದು ನಿಂತು, ಬೀದಿಗೆಲ್ಲ ಕೇಳುವಂತೆ, "ಅಕ್ಕ, ನಾನು ನಿನ್ ಮನೆಗ್ ಬಂದಿವ್ನಿ. ಬ್ಯಾರೆ ಯಾರ್ ಮನೆಗೂ ಅಲ್ಲ" ಎಂದರು. ಬಾಡಿಗೆ ಕರಾರು ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಒಳಗೆ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ಮೊದಲ ದಿನ ಮಾವ ಕೆಲಸವಿಲ್ಲದೆ ಮನೆಯೆಲ್ಲ ಸುತ್ತಿದರು. ಗಿಡ್ಡ ಕಾಲಿನ ಅಡಿಯ ದೋಣಿ ಅವರ ಕಣ್ಣಿಗೆ ಬಿತ್ತು. ಮೇಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಪರಿಸಲು, ಎಂದರೆ ಹರಿಗೋಲು, ಇಳಿಸಿ ಮೀನು ಹಿಡಿಯುವುದು ಅವರಿಗೆ ಹೊಲದ ಕೆಲಸಕ್ಕಿಂತ ಪ್ರಿಯ. "ಇದೇನ್ ಪಾಪ, ಮೀನಾ? ಆಕು ನೋಡಾನ" ಎಂದರು. ಅವರ ಬಾಯಲ್ಲಿ ಪಾಪ ಎಂದರೆ ನಾನು. ಹಾಕಿಕೊಟ್ಟೆ. ಆ ಕ್ಯಾಸೆಟ್ಟು ಕೊನೆಗೂ ತನ್ನ ಬೆಲೆ ತಿಳಿದವರ ಕೈ ಸೇರಿತು. ಮಾವ ಗಾಳ ಹಾಕಿ ಅಲ್ಲಾಡದೆ ಕೂತರು. ಮೊದಲು ಸಿಕ್ಕ ಮೀನನ್ನು ವಾಪಸು ನೀರಿಗೆ ಬಿಟ್ಟರು, ಮೊದಲನೆಯದು ಗಂಗಮ್ಮನಿಗಂತೆ. "ಇದ್ ಮಾಡಿರೋನು ನೀರಾಗ್ ಕುಂತೋನು. ಮೀನು ನೆಳ್ಳು ಎಂಗ್ ಬರ್ತೈತೆ ನೋಡು" ಎಂದು ಮೆಚ್ಚಿಕೊಂಡರು. ದೋಣಿ ಬಿಡುತ್ತಿದ್ದ ನಾನು ಅರ್ಧ ಗಂಟೆಗೆ ಸಾಕಾಗಿ ಎದ್ದುಬಿಟ್ಟೆ. ದೋಣಿ ತನ್ನ ಪಾಡಿಗೆ ತೇಲುತ್ತಿತ್ತು.

ಆರು ಗಂಟೆಗೆ ಅಪ್ಪ ಕಚೇರಿಯಿಂದ ಬಂದರು. ಪರದೆ ನೋಡಿದರು. ನಡೆಸುವವರಿಲ್ಲದ ದೋಣಿ ಎಂದರೆ ಅವರ ಕಣ್ಣಿಗೆ ಖಾಲಿ ಬಿದ್ದ ಹುದ್ದೆ. ಸ್ವಲ್ಪ ಹೊತ್ತು ತಡೆದುಕೊಂಡರು, ಆಗಲಿಲ್ಲ. ಪ್ಯಾಂಟು ಕೂಡ ಬದಲಿಸದೆ ಕೂತು ಜಾಯ್‌ಸ್ಟಿಕ್ಕು ಎತ್ತಿಕೊಂಡರು. ಇಬ್ಬರ ನಡುವೆ ಮೂರಡಿ ಜಾಗ, ಆರು ವರ್ಷದ ಮೌನ, ಮತ್ತು ನಾನು.

"ಪಾಪ, ದ್ವಾಣಿ ಬುಡೋ ಸಾರ್‌ಗೆ ಯೋಳು, ಎಡಕ್ ತಿರುಗ್ಸು ಅಂತ" ಎಂದರು ಮಾವ.

"ಅಪ್ಪ, ಎಡಕ್ಕಂತೆ."

ಅಪ್ಪ ಬಲಕ್ಕೆ ತಿರುಗಿಸಿದರು. "ಗಾಳದವರಿಗೆ ಹೇಳು, ಯಾವ ಎಡ ಅಂತ ಸ್ಪಷ್ಟಪಡಿಸಬೇಕು."

"ಎಡಕ್ಕೆ ಏಟ್ ಎಡ ಐತಂತೆ? ಕೇಳು!"

ಎರಡು ದಿನ ನಾನು ಮೂರಡಿ ದೂರಕ್ಕೆ ಹೀಗೆ ಅಂಚೆ ಸಾಗಿಸಿದೆ. ಅಪ್ಪನಷ್ಟು ಕೆಟ್ಟ ಅಂಬಿಗನನ್ನು ನಾನು ಕಂಡಿಲ್ಲ. ಎಡ ಎಂದರೆ ಬಲ, ಬಲ ಎಂದರೆ ಎಡ, ನಿಲ್ಲಿಸು ಎಂದರೆ ಜೋರು. ಮೀನೆಲ್ಲ ಚದುರಿ ಓಡುತ್ತಿದ್ದವು. ಮಾವ ಹಲ್ಲು ಕಚ್ಚಿಕೊಂಡು ಕೂತಿದ್ದರೇ ಹೊರತು ಒಂದು ಮಾತೂ ನೇರವಾಗಿ ಆಡಲಿಲ್ಲ.

ಮೂರನೆಯ ಸಂಜೆ ಗಾಳಕ್ಕೆ ಒಂದು ದೊಡ್ಡ ಮೀನು ಬಿತ್ತು. ದೋಣಿಯ ಅರ್ಧದಷ್ಟಿತ್ತು. ಮಾವ ಮಂಡಿಯೂರಿ ಎದ್ದರು, ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಅಪ್ಪ ದೋಣಿಯನ್ನು ನೆಟ್ಟಗೆ ತೆಗೆದುಕೊಂಡು ಹೋಗಿ ಬಂಡೆಗೆ ಹೊಡೆದರು. ದಾರ ಕಿತ್ತು ಮೀನು ಹೋಯಿತು.

"ಕಣ್ ಕಾಣ್ಸಾಕಿಲ್ವೇನ್ ಬಾವ ನಿನ್ಗೆ!" ಮಾವ ಕೂಗಿದರು, ಅದೂ ಏಕವಚನದಲ್ಲಿ. "ಎಲ್ಡ್ ಬಟನ್ನು, ಅದ್ನೂ ನೆಟ್ಗೆ ಒತ್ತಕಾಗಲ್ವಾ? ಯಾವತ್ ಸರ್ಯಾಗ್ ಮಾಡಿದ್ದೀಯಾ ನೀನು? ತಪಾಲಲ್ಲಿ ಕರೀತೀಯಾ ನನ್ನ? ಆ ಮಗೀನ ತೊಡೆ ಮ್ಯಾಲ್ ಕುಂಡ್ರಿಸ್ಕಳಾಕೆ ನನ್ಗೆ ಸೈನ್ ಆಕಾಕ್ ಯೋಳ್ತೀಯಾ? ನಾನ್ ಅವತ್ ಒಲದಾಗ್ ಕುಂತು ಅತ್ತಿವ್ನಿ ಕಣೋ ಬಾವ!"

ಅಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ತಪ್ಪಾಯ್ತು" ಎಂದರು. ಜಾಯ್‌ಸ್ಟಿಕ್ಕನ್ನು ಸರಿಯಾಗಿ ಹಿಡಿದು, "ನಂದೇ ತಪ್ಪು. ಮತ್ತೆ ತಿರುಗಿಸ್ತೀನಿ" ಎಂದರು.

ಮಾವ ಟವೆಲಿನಿಂದ ಮುಖ ಒರೆಸಿಕೊಂಡು ಕೂತರು. ಮತ್ತೆ ಗಾಳ ಹಾಕಿ "ಬಲಕ್ ತಿರುಗ್ಸಿ ಬಾವ" ಎಂದರು. ದೋಣಿ ಬಲಕ್ಕೇ ಹೋಯಿತು. ಅವತ್ತು ಊಟದ ಹೊತ್ತಿಗೆ ಇಬ್ಬರೂ ಸೇರಿ ಏಳು ಮೀನು ಹಿಡಿದರು. ಬೈಸಿಕೊಂಡರೆ ಬುದ್ಧಿ ಬರುತ್ತದೆ ಎಂದು ನಾವೆಲ್ಲ ನಂಬಿದೆವು.

ಆದರೂ ಒಂದು ತೊಡಕಿತ್ತು. ಕಿವಿ ಚುಚ್ಚುವ ಶಾಸ್ತ್ರಕ್ಕೆ ಕರೆಯುವುದು ಮಾವನ ಬಾಗಿಲಿನಲ್ಲೇ ಆಗಬೇಕು, ಮಾವ ನಮ್ಮ ಮನೆಯಲ್ಲಿದ್ದಾರೆ. ಹಾಗಾಗಿ ರಿಪೇರಿಯಾದ ಮೋಟಾರನ್ನು ಇಬ್ಬರೂ ಎರಡು ಕಡೆ ಹಿಡಿದುಕೊಂಡು ಮೇಟೂರು ಬಸ್ಸು ಹತ್ತಿದರು. ಊರು ತಲುಪಿದ ಮೇಲೆ ಮಾವ ಅಪ್ಪನನ್ನು ಹೊರಗೇ ನಿಲ್ಲಿಸಿ, ಒಳಗೆ ಹೋಗಿ, ಕೈಕಾಲು ತೊಳೆದು, ಜಗಲಿಗೆ ಬಂದು ಕೂತು, "ಯಾರ್ ಬಂದಿರಾದು?" ಎಂದು ಕೇಳಿದರಂತೆ. ದಾರಿಯುದ್ದಕ್ಕೂ ಜೊತೆಗೆ ಕೂತು ಬಂದಿದ್ದ ಅಪ್ಪ ವೀಳ್ಯದ ತಟ್ಟೆ ಮುಂದಿಟ್ಟು, "ನಾನು, ನಿಮ್ಮ ಬಾವ" ಎಂದರಂತೆ.

ಮುಂದಿನ ಶುಕ್ರವಾರ ನಾನು ಮಾವನ ತೊಡೆಯ ಮೇಲೆ ಕೂತೆ. ಒಂಬತ್ತು ವರ್ಷದ ಕೂಸು. ಕಾಲು ನೆಲಕ್ಕೆ ತಾಗುತ್ತಿತ್ತು. ಮಾವ ನನ್ನ ಕಣ್ಣು ಮುಚ್ಚಿದ ಅಂಗೈ ಒದ್ದೆಯಾಗಿತ್ತು. ಅಷ್ಟು ಸಂತೋಷದಿಂದ ನಾನು ಮತ್ತೆ ಯಾವತ್ತೂ ಅತ್ತಿಲ್ಲ.

ಪಟ್ಟಿ ಓದಿದ ದಿನ ಇದೆಲ್ಲ ನೆನಪಾಗಿ ಅಪ್ಪನ ಹತ್ತಿರ ಹೋದೆ. ಅವರು ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಮುಂದಿನ ಕೋಣೆಯಲ್ಲಿ ಕೂತು ನಮ್ಮನ್ನೆಲ್ಲ ಪರಿಶೀಲಿಸುತ್ತಾರೆ. "ಅಲ್ಲಪ್ಪ, ಅಷ್ಟು ಸುಲಭದ ದೋಣಿ ಬಿಡೋಕೆ ನಿಮಗೆ ಬರಲೇ ಇಲ್ವಲ್ಲ" ಎಂದು ಎಂದಿನಂತೆ ರೇಗಿಸಿದೆ.

"ಬರದೆ ಏನು? ಎರಡು ಬಟನ್ನು" ಎಂದರು ಅಪ್ಪ. "ಅವನಿಗೆ ನನ್ನ ಬೈಯೋಕೆ ಆರು ವರ್ಷದಿಂದ ಒಂದು ದಾರಿ ಸಿಕ್ಕಿರಲಿಲ್ಲ. ಬೈಲಿ ಅಂತ ಬಿಟ್ಟೆ. ತಪ್ಪಾಯ್ತು ಅನ್ನೋಕೆ ನಂಗೂ ಒಂದು ಬಂಡೆ ಬೇಕಿತ್ತು." ಆಮೇಲೆ ದನಿ ತಗ್ಗಿಸಿ, "ಅವನಿಗೆ ಹೇಳಬೇಡ. ರೋಷಗಾರ, ಮತ್ತೆ ಮಾತು ಬಿಟ್ಟಾನು" ಎಂದರು.

ಮೂವತ್ತು ವರ್ಷ ಪ್ರತಿ ಮದುವೆಯಲ್ಲೂ ಅಪ್ಪ ದೋಣಿ ಬಿಡುವುದನ್ನು ಅಣಕಿಸಿ ತೋರಿಸಿ ನೆಂಟರನ್ನು ನಗಿಸಿದವಳು ನಾನು. ಅವರೂ ಕೂತು ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ಮಾವನಿಗೆ ಫೋನು ಮಾಡಿದೆ. ಏನೂ ಹೇಳಬಾರದು, ದನಿ ಕೇಳಿದರೆ ಸಾಕು ಎಂದುಕೊಂಡಿದ್ದೆ. "ಮಾವ, ಆ ಮೀನಿನ ಆಟ ನೆನಪೈತಾ?" ಎಂದಷ್ಟೇ ಕೇಳಿದೆ.

"ಮರೆಯಾಕಾಯ್ತದಾ ಪಾಪ?" ಮಾವ ನಕ್ಕರು. "ದ್ವಾಣಿ ಬುಡಾಕ್ ಬರ್ದೋನು ಒಂದ್ ಕಿತ ತಪ್ಪಾಗ್ ಓಯ್ತಾನೆ, ಒಂದ್ ಕಿತ ಸರ್ಯಾಗ್ ಓಯ್ತಾನೆ. ನಿಮ್ಮಪ್ಪ ನಾನ್ ಬೈಯೋಗಂಟ ಒಂದ್ ಕಿತನೂ ಸರ್ಯಾಗ್ ಓಗ್ಲಿಲ್ಲ. ಅಷ್ಟ್ ಕರೆಕ್ಟಾಗ್ ತಪ್ ಮಾಡ್ಬೇಕಂದ್ರೆ ಚೆಂದಾಗ್ ಗೊತ್ತಿರ್ಬೇಕು."

"ಗೊತ್ತಿದ್ದೂ ಯಾಕ್ ಮಾವ ಬೈದ್ರಿ?"

"ಪಾಪ, ಅವ್ರು ಅಷ್ಟ್ ಕಷ್ಟಪಟ್ಟು ಬಂಡೆಗ್ ಬುಟ್ಟವ್ರೆ. ಬೈದೆ ಇದ್ರೆ ಬೇಜಾರ್ ಮಾಡ್ಕಳಾಕಿಲ್ವಾ?" ಎಂದರು ಮಾವ. "ನಿಮ್ಮಪ್ಪಂಗೆ ಯೋಳ್ಬ್ಯಾಡ, ಆಯ್ತಾ?"

ಫೋನು ಇಟ್ಟೆ. ಮುಂದಿನ ಕೋಣೆಯಿಂದ ಅಪ್ಪ "ಯಾರದು?" ಎಂದು ಕೇಳಿದರು.

"ಮಾವ."

"ಏನಂತೆ?"

"ಏನಿಲ್ಲಪ್ಪ. ಊರಲ್ಲಿ ಮಳೆ ಬಂತಂತೆ" ಎಂದೆ.