ಅತ್ತಿಗೆ ಮೆಚ್ಚಿದ ಆಟ

ಹೊಸ ಆಟ ಬಂದ ವಾರ ನಮ್ಮ ಗುಂಪಿನಲ್ಲಿ ಜಗಳವೋ ಜಗಳ. ಗುಂಪು ಎಂದರೆ ಮೊಬೈಲಿನಲ್ಲಿರುವುದು. ಚಿಕ್ಕಂದಿನಿಂದ ಒಂದೇ ವಿಡಿಯೋ ಗೇಮಿನ ಹುಚ್ಚು ಹಿಡಿಸಿಕೊಂಡ ಕನ್ನಡದವರೆಲ್ಲ ಸೇರಿ ಮಾಡಿಕೊಂಡದ್ದು. ಒಬ್ಬ ಗಿಡ್ಡ ಮನುಷ್ಯ ಹೊಂಡ, ಗೋಡೆ, ಮುಳ್ಳು ಎಲ್ಲವನ್ನೂ ಹಾರುತ್ತಾ ಬಲಕ್ಕೆ ಓಡುತ್ತಲೇ ಇರುವ ಆಟ ಅದು. ನಮ್ಮ ತಲೆಗೂದಲು ಬೆಳ್ಳಗಾಗುತ್ತಿದ್ದರೂ ಅವನ ಓಟ ನಿಂತಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸ ಭಾಗ ಬರುತ್ತದೆ, ಬಂದಾಗಲೆಲ್ಲ ಹಳಬರು ಆಟ ಕೆಟ್ಟುಹೋಯಿತು ಎನ್ನುತ್ತಾರೆ. ಈ ಸಲ ಒಬ್ಬರಿಗೆ ಸಂಗೀತ ಹಿಡಿಸಲಿಲ್ಲ. ಇನ್ನೊಬ್ಬರ ಪ್ರಕಾರ ಗಿಡ್ಡ ಜಿಗಿದರೆ ಹತ್ತಿಯ ಮೂಟೆ ಲಾರಿಯಿಂದ ಬಿದ್ದ ಹಾಗೆ ಕಾಣುತ್ತಿತ್ತು.

ಎಲ್ಲರಿಗಿಂತ ಖಾರವಾಗಿ ಬರೆದವಳು ನಾನು. ಹೊಸ ಆಟದಲ್ಲಿ ಇಬ್ಬರೂ ಒಟ್ಟಿಗೇ ಓಡಬಹುದು. ಒಬ್ಬರು ಹೊಂಡಕ್ಕೆ ಬಿದ್ದರೆ ಸಾಯುವುದಿಲ್ಲ, ಸಾಬೂನಿನ ಗುಳ್ಳೆಯೊಳಗೆ ಕೂತು ತೇಲುತ್ತಾ ಬರುತ್ತಾರೆ. ಜೊತೆಗಾರ ಬಂದು ಮುಟ್ಟಿದರೆ ಗುಳ್ಳೆ ಒಡೆದು ಮತ್ತೆ ಓಟ. ಬಿದ್ದವರು ಸಾಯದಿದ್ದರೆ ಹಾರಿದವರ ಹೆಚ್ಚುಗಾರಿಕೆ ಏನು ಉಳಿಯಿತು, ಇದು ಆಟವಲ್ಲ, ಧರ್ಮಛತ್ರ ಎಂದು ಉದ್ದಕ್ಕೆ ಬರೆದು ಹಾಕಿದೆ. ಆಟವನ್ನು ಆಗಿನ್ನೂ ಕೈಯಲ್ಲಿ ಮುಟ್ಟಿರಲಿಲ್ಲ, ವಿಡಿಯೋ ನೋಡಿದ್ದೆ ಅಷ್ಟೇ. ಆದರೂ ಗುಂಪಿನಲ್ಲಿ ನನ್ನ ಮಾತಿಗೆ ತೂಕವಿತ್ತು.

ಅದರ ಕೆಳಗೆ ಯಾರೋ ಎರಡೇ ಸಾಲು ಬರೆದರು. ನನಗೆ ಇದೇ ಹಿಡಿಸಿತು, ಬಿದ್ದವರು ಸುಮ್ಮನೆ ಕೂತು ಬೇರೆಯವರ ಆಟ ನೋಡಬೇಕಿಲ್ಲ, ಎಂದು. ಎಲ್ಲರೂ ಅದಕ್ಕೆ ಹೃದಯದ ಗುರುತು ಒತ್ತಿದರು, ನನ್ನ ಪುರಾಣಕ್ಕೆ ಬರೀ ಹೆಬ್ಬೆರಳು. ಆ ಎರಡು ಸಾಲು ಬರೆದವಳು ನನ್ನ ಅಣ್ಣನ ಹೆಂಡತಿ. ಅವಳನ್ನು ಗುಂಪಿಗೆ ಸೇರಿಸಿದವನು ಅಣ್ಣ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ಉದ್ದ ಎನ್ನುತ್ತಾರಲ್ಲ, ಅದು ನನಗೆ ಆ ದಿನ ಸರಿಯಾಗಿ ತಿಳಿಯಿತು.

ನನ್ನ ಸಂಕಟ ಗೊತ್ತಾಗಬೇಕಾದರೆ ರಾಯಚೂರಿನ ನಮ್ಮ ಮನೆಯ ವಿಷಯ ಹೇಳಬೇಕು. ಅಪ್ಪ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ. ಒಂದು ಹತ್ತಿ ಸುಗ್ಗಿಯಲ್ಲಿ ಏನು ಮನಸ್ಸಾಯಿತೋ, ತೀನ್ ಕಂದೀಲ್ ಕಡೆಯ ಅಂಗಡಿಯಿಂದ ಟಿವಿಗೆ ಹಚ್ಚುವ ವಿಡಿಯೋ ಗೇಮ್ ತಂದುಕೊಟ್ಟ. ರಿಮೋಟ್ ಎರಡಿದ್ದವು. ಮೊದಲನೆಯದು ಅಣ್ಣನದು, ಎರಡನೆಯದು ನನ್ನದು. ಆ ಆಟದ ರೀತಿ ಹೇಗಿತ್ತೆಂದರೆ ಮೊದಲನೆಯವನು ಸತ್ತರೆ ಮಾತ್ರ ಎರಡನೆಯವಳಿಗೆ ಪಾಳಿ. ಅಣ್ಣ ಬೇಗ ಸಾಯುವವನಲ್ಲ. ನಾನು ರಿಮೋಟ್ ಹಿಡಿದು ಪಕ್ಕದಲ್ಲಿ ಕೂತು ‘ಸಾಯೋ, ಲಗೂನ ಸಾಯೋ’ ಎಂದು ಜಪ ಮಾಡುತ್ತಿದ್ದೆ. ಒಡಹುಟ್ಟಿದವನಿಗೆ ಹಾಗೆ ಅನ್ನುತ್ತಾರೇನು ಎಂದು ಅವ್ವ ಅಡುಗೆಮನೆಯಿಂದಲೇ ಬೈಯುತ್ತಿದ್ದಳು. ಪಾಳಿ ಬರಲಿ ಬಿಡಲಿ, ಆ ಪಕ್ಕದ ಜಾಗ ನನ್ನದು. ಮದುವೆಯಾಗಿ ಮಾನ್ವಿಗೆ ಹೋಗಿ, ಅಲ್ಲೇ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದ ಮೇಲೂ ಅದು ನನ್ನದೇ ಎಂದುಕೊಂಡಿದ್ದೆ.

ಅದಕ್ಕೊಂದು ಕಾರಣವೂ ಇತ್ತು. ನಾಗರಪಂಚಮಿ ಬಂದರೆ ಅಣ್ಣ ಮಾನ್ವಿಗೆ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಾನೆ. ಅದೇ ಹೊತ್ತಿಗೆ ಅತ್ತಿಗೆಯನ್ನು ಅವಳ ಅಣ್ಣ ಬಂದು ದೇವದುರ್ಗಕ್ಕೆ ಕರೆದೊಯ್ಯುತ್ತಾನೆ. ಹೀಗಾಗಿ ವರ್ಷಕ್ಕೊಮ್ಮೆ ಉಂಡಿ, ಜೋಕಾಲಿ, ಟಿವಿ, ಅಣ್ಣ ಎಲ್ಲವೂ ನನಗೊಬ್ಬಳಿಗೇ. ಹೊಸ ಆಟವನ್ನು ಅಣ್ಣನ ಜೊತೆ ಕೂತು ಆಡಿ, ಅತ್ತಿಗೆಯ ಎರಡು ಸಾಲಿಗೆ ಗುಂಪಿನಲ್ಲಿ ತಕ್ಕ ಉತ್ತರ ಬರೆಯಬೇಕೆಂದು ನಾನು ಆ ಪಂಚಮಿಯ ದಾರಿ ಕಾಯುತ್ತಿದ್ದೆ.

ಅಣ್ಣನ ಬೈಕಿನಿಂದ ಇಳಿದರೆ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಕೈಗೆ ಶೇಂಗಾ ಉಂಡಿಯ ಪುಡಿ ಮೆತ್ತಿತ್ತು. ಬರ್ರಿ ಎಂದು ನನ್ನ ಚೀಲ ಇಸಿದುಕೊಂಡಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಆಟದ ಆಸೆಗೆ ತವರನ್ನೂ ಬಿಟ್ಟು ಕೂತಿದ್ದಾಳೆ, ನನ್ನ ಪಾಲಿನ ಮೂರು ದಿನವೂ ಇವಳಿಗೇ ಬೇಕಾಯಿತು ಎಂದು ಒಳಗೇ ಕುದಿದೆ.

ಊಟವಾದ ಮೇಲೆ ಅಣ್ಣ ಟಿವಿ ಹಚ್ಚಿ, ನೀವಿಬ್ಬರೂ ಆಡಿರಿ, ನಾನು ನೋಡುತ್ತೇನೆ ಎಂದ. ಯಾರೂ ಹೇಳುವ ಮೊದಲೇ ನಾನು ಒಂದನೆಯ ರಿಮೋಟ್ ಎತ್ತಿಕೊಂಡೆ. ಶುರುವಾದ ಸ್ವಲ್ಪ ಹೊತ್ತಿಗೇ ಅತ್ತಿಗೆ ಹೊಂಡಕ್ಕೆ ಬಿದ್ದಳು. ಗುಳ್ಳೆಯೊಳಗೆ ತೇಲುತ್ತಾ ನನ್ನ ಕಡೆ ಬಂದಳು. ನಾನು ಮುಟ್ಟಲಿಲ್ಲ. ಗುಳ್ಳೆ ಹತ್ತಿರ ಬಂದಷ್ಟೂ ತಪ್ಪಿಸಿಕೊಂಡು ಮುಂದಕ್ಕೆ ಹಾರಿದೆ. ಹೊಂಡವನ್ನಾದರೂ ಹಾರಬಹುದು, ಬೆನ್ನು ಹತ್ತಿದ ಗುಳ್ಳೆಯಿಂದ ತಪ್ಪಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ನಾನು ಅಷ್ಟು ಚೆನ್ನಾಗಿ ಯಾವತ್ತೂ ಆಡಿರಲಿಲ್ಲ. ಅತ್ತಿಗೆ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

‘ಅಕಿನ್ನ ಮುಟ್ಟ ಬೇ,’ ಎಂದ ಅಣ್ಣ.

ನಾನು ಟಿವಿಯಿಂದ ಕಣ್ಣು ತೆಗೆಯದೆ, ಹಬ್ಬಕ್ಕೆ ದೇವದುರ್ಗಕ್ಕೆ ಹೋಗದೆ ಇರುವಷ್ಟು ಹುಚ್ಚು ಹಿಡಿಸಿತೇ ಈ ಆಟ ಎಂದು ಅತ್ತಿಗೆಯನ್ನು ಕೇಳಿದೆ. ಚುಚ್ಚಬೇಕೆಂದೇ ಕೇಳಿದ್ದು.

‘ಕರ್ಯಾಕ ಯಾರೂ ಬರಲಿಲ್ಲರೀ,’ ಎಂದಳು. ‘ಅವ್ವ ಹೋದಮ್ಯಾಲ ಇದು ಮೊದಲ್ನೇ ಪಂಚಮಿ. ನಿನ್ನೆ ಸಂಜೀತನಕ ಅಣ್ಣನ ದಾರಿ ನೋಡಿದ್ನಿ.’

ಅವಳ ತಾಯಿಯ ಮಣ್ಣಿಗೆ ನಾನೂ ದೇವದುರ್ಗಕ್ಕೆ ಹೋಗಿದ್ದೆ. ಆದರೂ ತಾಯಿಯಿಲ್ಲದ ತವರಿನಿಂದ ಕರೆ ಬಾರದೇ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಹಿಂದಕ್ಕೆ ಓಡಿ ಗುಳ್ಳೆ ಮುಟ್ಟಿದೆ. ಅವಳು ಕೆಳಗಿಳಿದು ನನ್ನ ಪಕ್ಕದಲ್ಲಿ ಓಡತೊಡಗಿದಳು, ಮತ್ತೆ ಬಿದ್ದಳು, ಮತ್ತೆ ಮುಟ್ಟಿದೆ. ಸಂಜೆಯವರೆಗೂ ಅದೇ ಆಯಿತು. ಆಟ ಚೆನ್ನಾಗಿತ್ತು. ಅದನ್ನು ಗುಂಪಿನಲ್ಲಿ ಮಾತ್ರ ಬರೆಯಲಿಲ್ಲ.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದರೆ ಕೇಳುವವರಿಗೆ ಹಿತವಾಗಿರುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಣ್ಣನಿಲ್ಲದವಳ ಹಾಗೆ ಪಾಪ ಅವಳು ಕೂತಿದ್ದಾಳೆ, ನನಗಾದರೆ ಬೈಕ್ ತಂದು ಕರೆಯುವ ಅಣ್ಣನಿದ್ದಾನೆ ಎಂದು ದೊಡ್ಡ ಮನಸ್ಸು ಮಾಡಿ, ಹೊರಡುವ ದಿನ ಅವಳ ಕೈಯಿಂದ ಕುಂಕುಮ ಹಚ್ಚಿಸಿಕೊಂಡೆ. ಅಣ್ಣ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಮಾನ್ವಿ ಬಸ್ಸಿನ ಕಿಟಕಿಯ ಹತ್ತಿರ ನಿಂತು ಏನೋ ಮಾತಿಗೆ ಮಾತು ಬಂದು ಹೇಳಿಬಿಟ್ಟ.

‘ಈ ಸಲ ನಿನ್ನ ಕರ್ಯಾಕ ಬರೋದು ನಂಗ ನೆನಪ ಇದ್ದಿಲ್ಲ ಬೇ, ಆಟದಾಗ ಮುಳುಗಿದ್ದೆ. ತಂಗಿ ದಾರಿ ನೋಡಾಕತ್ತಿರ್ತಾಳ, ಹೋಗ್ರಿ ಅಂತ ಅಕಿನೇ ರಿಮೋಟ್ ಕಸಕೊಂಡು ಕಳಿಸಿದ್ಲು.’

ಬಸ್ಸು ಹೊರಟಿತು. ನಾನು ಅವಳಿಗೆ ಋಣಿಯಾಗಬೇಕಿತ್ತು. ಆದರೆ ನನ್ನ ಮನಸ್ಸಿಗೆ ನಾಟಿದ್ದು ಒಂದೇ ಮಾತು: ನನ್ನ ಅಣ್ಣ ನನ್ನ ಬಾಗಿಲಿಗೆ ಬರಬೇಕಾದರೂ ಈಗ ಅವಳೇ ಕಳಿಸಬೇಕು.